ಕಲ್ಪನೆಯ ತಂಡದ ಋತು ನಿರ್ವಹಣೆ: ಆರಿಸಿದ ಮೇಲಿನ ಆರೈಕೆ



ಈ ಅಧ್ಯಯನ ಪುಟದಲ್ಲಿ ವಾಡಿಕೆಯಾಗಿ ಮರಗಸಿ, ಗೊಬ್ಬರ, ಕೊಳೆ ಔಷಧಿ ಇಂಥ ವಿಷಯಗಳು ಬರುತ್ತವೆ. ಈ ಸಲ ತೋಟದಿಂದ ಬಹುದೂರದ ಒಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ಅಮೆರಿಕದಲ್ಲಿ ಕೆಲಸಕ್ಕಿರುವ ನಮ್ಮ ಸದಸ್ಯರ ಮಕ್ಕಳನೇಕರು ಸೆಪ್ಟೆಂಬರಿನಿಂದ ಡಿಸೆಂಬರ್ ಕೊನೆಯವರೆಗೆ ಆಡುವ ಒಂದು ಆಟವಿದೆ. ಅದಕ್ಕೆ ಫ್ಯಾಂಟಸಿ ಫುಟ್‌ಬಾಲ್ ಎಂದು ಹೆಸರು. ನಾವು 2024ರ ಆಗಸ್ಟ್ ಕೊನೆಯಿಂದ ಮುಂದಿನ ಜನವರಿಯವರೆಗೆ ನ್ಯೂ ಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದಾಗ ಈ ಆಟವನ್ನು ಅವಳ ಪಕ್ಕದಲ್ಲಿ ಕೂತು ಕಲಿತೆವು. ಅವಳಿಗೆ ತಪ್ಪು ಸಲಹೆಯನ್ನೂ ಕೊಟ್ಟೆವು. ಆ ತಪ್ಪಿನಿಂದ ಕಲಿತದ್ದು ಹೆಚ್ಚಾದ್ದರಿಂದ ಅದನ್ನೂ ಮರೆಮಾಚದೆ ಇಲ್ಲಿ ಬರೆದಿದ್ದೇವೆ.

1. ಆಟದ ಸ್ವರೂಪ

ಇಲ್ಲಿ ಫುಟ್‌ಬಾಲ್ ಎಂದರೆ ನಾವು ಶಾಲೆಯಲ್ಲಿ ಆಡಿದ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಹಿಡಿಯುವ ಅಮೆರಿಕದ ಆಟ. ಅಲ್ಲಿಯ ವೃತ್ತಿಪರ ಲೀಗಿನಲ್ಲಿ 32 ತಂಡಗಳಿವೆ. 2021ರಿಂದ ಪ್ರತಿ ತಂಡವೂ 18 ವಾರಗಳಲ್ಲಿ 17 ಪಂದ್ಯ ಆಡುತ್ತದೆ. ಒಂದು ವಾರ ಬಿಡುವು. ಅದಕ್ಕೆ ಬೈ ವಾರ ಎನ್ನುವರು.

ಕಲ್ಪನೆಯ ಆಟದಲ್ಲಿ ಹತ್ತೋ ಹನ್ನೆರಡೋ ಮಂದಿ ಗೆಳೆಯರು ಸೇರಿ ಒಂದು ಕೂಟ ಕಟ್ಟುತ್ತಾರೆ. ಋತು ಆರಂಭವಾಗುವ ಮೊದಲು ಒಂದು ದಿನ ಕೂತು, ಸರದಿಯ ಪ್ರಕಾರ ನಿಜವಾದ ಆಟಗಾರರನ್ನು ಹೆಸರಿಸಿ ತಮ್ಮ ತಮ್ಮ ಪಟ್ಟಿಗೆ ಸೇರಿಸಿಕೊಳ್ಳುತ್ತಾರೆ. ಇದೇ ಡ್ರಾಫ್ಟ್. ಒಬ್ಬನು ಆರಿಸಿದ ಆಟಗಾರನನ್ನು ಆ ಕೂಟದ ಮತ್ತೊಬ್ಬ ಇಟ್ಟುಕೊಳ್ಳುವಂತಿಲ್ಲ. ಸಾಮಾನ್ಯವಾಗಿ ಒಂದು ಪಟ್ಟಿಯಲ್ಲಿ 16 ಮಂದಿ. ವಾರವಾರವೂ ಅವರಲ್ಲಿ 9 ಸ್ಥಾನ ತುಂಬಿ ಕಣಕ್ಕಿಳಿಸಬೇಕು. ಉಳಿದ 7 ಮಂದಿ ಬೆಂಚಿನ ಮೇಲೆ. ಕಣಕ್ಕಿಳಿಸಿದವರು ನಿಜವಾದ ಪಂದ್ಯದಲ್ಲಿ ಮಾಡಿದ ಕೆಲಸಕ್ಕೆ ಅಂಕ ಬರುತ್ತದೆ. ಓಡಿದ ಅಥವಾ ಹಿಡಿದು ಸಾಗಿಸಿದ ಪ್ರತಿ 10 ಗಜಕ್ಕೆ 1, ಟಚ್‌ಡೌನ್ ಒಂದಕ್ಕೆ 6, ಅನೇಕ ಕೂಟಗಳಲ್ಲಿ ಹಿಡಿದ ಪ್ರತಿ ಚೆಂಡಿಗೂ 1 ಎಂಬುದು ರೂಢಿಯ ಲೆಕ್ಕ. ಬೆಂಚಿನ ಮೇಲಿದ್ದವನು ಎಷ್ಟೇ ಚೆನ್ನಾಗಿ ಆಡಿದರೂ ಅಂಕವಿಲ್ಲ.

ಈ ಆಟ ಹೊಸದೇನಲ್ಲ. ಕ್ಯಾಲಿಫೋರ್ನಿಯಾದ ಓಕ್ಲೆಂಡ್ ರೈಡರ್ಸ್ ತಂಡದ ಪಾಲುದಾರರಲ್ಲೊಬ್ಬರಾದ ಬಿಲ್ ವಿಂಕನ್‌ಬ್ಯಾಕ್ ಎಂಬವರು 1962ರಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ತಮ್ಮ ಜೊತೆಗಾರರೊಡನೆ ಕೂತು ಇದರ ನಿಯಮ ಬರೆದರು. 1963ರಲ್ಲಿ 8 ತಂಡಗಳೊಂದಿಗೆ ಮೊದಲ ಋತು ನಡೆಯಿತು. ಆಗ ವೃತ್ತಪತ್ರಿಕೆಯ ಅಂಕಣ ನೋಡಿ ಕಾಗದದ ಮೇಲೆ ಕೈಲೆಕ್ಕ ಮಾಡುತ್ತಿದ್ದರು. ಈಗ ಯಂತ್ರ ಲೆಕ್ಕ ಹಾಕುತ್ತದೆ. ಆದರೆ ಯಾರನ್ನು ಇಡಬೇಕು, ಯಾರನ್ನು ಬಿಡಬೇಕು ಎಂಬ ತೀರ್ಮಾನ ಇಂದಿಗೂ ಮನುಷ್ಯನದೇ.

ಹೊಸಬರು ಡ್ರಾಫ್ಟಿನ ದಿನವೇ ಎಲ್ಲವೂ ಮುಗಿಯಿತೆಂದು ತಿಳಿಯುತ್ತಾರೆ. ಸಸಿ ನೆಟ್ಟ ದಿನವೇ ಫಸಲು ಬಂತೆಂದು ತಿಳಿದ ಹಾಗೆ ಅದು. ಕೆಲಸ ಶುರುವಾಗುವುದು ಮಾರನೆಯ ದಿನದಿಂದ. ಅದನ್ನೇ ಈಗ ಒಂದೊಂದಾಗಿ ಪರಿಶೀಲಿಸೋಣ.

2. ವಾರದ ಕೆಲಸದ ಕ್ರಮ

ಈ ಆಟಕ್ಕೆ ವಾರವೇ ಅಳತೆ. ಪಂದ್ಯಗಳು ಹೆಚ್ಚಾಗಿ ಗುರುವಾರ ರಾತ್ರಿ, ಭಾನುವಾರ ಮತ್ತು ಸೋಮವಾರ ರಾತ್ರಿ ನಡೆಯುತ್ತವೆ. ಅದಕ್ಕೆ ತಕ್ಕಂತೆ ಕೆಲಸವನ್ನು ಹೀಗೆ ಹಂಚಿಕೊಳ್ಳಬೇಕು.

ಮಂಗಳವಾರ: ಕಳೆದ ವಾರದ ಲೆಕ್ಕ ನೋಡಿ, ಯಾರನ್ನು ಬಿಡಬೇಕು, ಹೊರಗಿರುವವರಲ್ಲಿ ಯಾರನ್ನು ಕೇಳಬೇಕು ಎಂದು ನಿರ್ಧರಿಸುವುದು.

ಬುಧವಾರ: ಹೆಚ್ಚಿನ ಕೂಟಗಳಲ್ಲಿ ಬೆಳಗಾಗುವುದರೊಳಗೆ ಈ ಬೇಡಿಕೆಗಳು ಇತ್ಯರ್ಥವಾಗಿರುತ್ತವೆ. ಸಿಕ್ಕಿದ್ದೇನು, ತಪ್ಪಿದ್ದೇನು ಎಂದು ನೋಡುವುದು.

ಬುಧವಾರದಿಂದ ಶುಕ್ರವಾರ: ತಂಡಗಳು ಗಾಯಾಳುಗಳ ಪಟ್ಟಿಯನ್ನು ಪ್ರಕಟಿಸಲೇಬೇಕೆಂಬ ನಿಯಮವಿದೆ. ಪೂರ್ಣ ಅಭ್ಯಾಸ ಮಾಡಿದನೋ, ಅರ್ಧ ಮಾಡಿದನೋ, ಮಾಡಲೇ ಇಲ್ಲವೋ ಎಂದು ಅದರಲ್ಲಿರುತ್ತದೆ. ಬುಧವಾರ ವಿಶ್ರಾಂತಿ ಪಡೆದು ಶುಕ್ರವಾರ ಪೂರ್ಣ ಅಭ್ಯಾಸ ಮಾಡಿದವನ ಬಗ್ಗೆ ಹೆದರಬೇಕಾಗಿಲ್ಲ. ಬುಧವಾರ ಅಭ್ಯಾಸ ಮಾಡಿ ಶುಕ್ರವಾರ ನಿಂತವನ ಬಗ್ಗೆ ಎಚ್ಚರವಿರಬೇಕು.

ಗುರುವಾರ: ಆ ರಾತ್ರಿ ಆಡುವವನನ್ನು ಅವನದೇ ಸ್ಥಾನದಲ್ಲಿ ಹಾಕಬೇಕು. ಓಡುವವನನ್ನೋ ಹಿಡಿಯುವವನನ್ನೋ ಯಾರನ್ನಾದರೂ ಹಾಕಬಹುದಾದ ಒಂದು ಸ್ಥಾನವಿರುತ್ತದೆ. ಅದಕ್ಕೆ ಫ್ಲೆಕ್ಸ್ ಎನ್ನುವರು. ಅದನ್ನು ಕೊನೆಗೆ ಆಡುವವನಿಗಾಗಿ ಖಾಲಿ ಇಟ್ಟುಕೊಂಡರೆ ತೊಂದರೆ ಬಂದಾಗ ಕೈಯಾಡಿಸಲು ಜಾಗವಿರುತ್ತದೆ.

ಭಾನುವಾರ, ಸೋಮವಾರ: ಪಂದ್ಯಕ್ಕೆ ಒಂದೂವರೆ ಗಂಟೆ ಮುಂಚೆ ಆ ದಿನ ಆಡದವರ ಹೆಸರು ಪ್ರಕಟವಾಗುತ್ತದೆ. ಆ ಹೊತ್ತಿಗೆ ಪಟ್ಟಿಯ ಮುಂದೆ ಇರಲೇಬೇಕು.

ಇದಲ್ಲದೆ ಋತುವಿನ ಮೊದಲಿಗೇ ಒಂದು ಕಾಗದದ ಮೇಲೆ ನಮ್ಮ 16 ಮಂದಿಯ ಬೈ ವಾರಗಳನ್ನು ಬರೆದಿಟ್ಟುಕೊಳ್ಳತಕ್ಕದ್ದು. ಮೂವರು ಮುಖ್ಯ ಆಟಗಾರರಿಗೆ ಒಂದೇ ವಾರ ಬಿಡುವು ಬಂದರೆ ಅದನ್ನು ಎರಡು ವಾರ ಮುಂಚೆಯೇ ತಿಳಿದು ಬದಲಿ ಹುಡುಕಬೇಕು. ಆ ದಿನ ಹುಡುಕಲು ಹೊರಟರೆ ಒಳ್ಳೆಯವರೆಲ್ಲ ಬೇರೆಯವರ ಪಟ್ಟಿಗೆ ಸೇರಿರುತ್ತಾರೆ. ಕೊಯ್ಲಿನ ದಿನ ಆಳು ಹುಡುಕಲು ಹೊರಟವನ ಪಾಡು ನಮಗೆಲ್ಲ ಗೊತ್ತೇ ಇದೆ.

3. ಸೊನ್ನೆ ಅಂಕ: ಮಗಳ ಮೊದಲ ನಷ್ಟ

ನಮ್ಮ ಮಗಳ ಕಚೇರಿಯ ಕೂಟದಲ್ಲಿ ಹನ್ನೆರಡು ಮಂದಿ. ಹಣದ ಮಾತಿಲ್ಲ, ಕೊನೆಯ ಸ್ಥಾನದವರು ಉಳಿದವರಿಗೆ ಊಟ ಹಾಕಿಸಬೇಕು, ಅಷ್ಟೆ. ಚೀಟಿ ಎತ್ತಿದಾಗ ಮೊದಲ ಸರದಿ ಅವಳಿಗೇ ಬಂತು. ಅವಳು ಸ್ಯಾನ್ ಫ್ರಾನ್ಸಿಸ್ಕೋ ತಂಡದ ಓಟಗಾರ ಕ್ರಿಶ್ಚಿಯನ್ ಮೆಕ್ಯಾಫ್ರಿಯನ್ನು ಆರಿಸಿದಳು. ಅದರಲ್ಲಿ ತಪ್ಪಿರಲಿಲ್ಲ. 2023ರಲ್ಲಿ ಆತ 1,459 ಗಜ ಓಡಿ, ಓಟ ಮತ್ತು ಹಿಡಿತ ಸೇರಿ 21 ಟಚ್‌ಡೌನ್ ಮಾಡಿದ್ದ. ಆ ವರ್ಷ ಮೊದಲ ಸರದಿ ಸಿಕ್ಕ ಬಹಳ ಮಂದಿ ಅವನ ಹೆಸರನ್ನೇ ಹೇಳಿದರು.

ಮೊದಲ ವಾರದ ಪಂದ್ಯ ಸೆಪ್ಟೆಂಬರ್ 9ರ ಸೋಮವಾರ ರಾತ್ರಿ. ಕಾಲಿನ ನೋವಿದೆಯೆಂಬ ಸುದ್ದಿ ಮೊದಲೇ ಇತ್ತು. ಆಡುವುದಿಲ್ಲವೆಂದು ಖಚಿತವಾದದ್ದು ಪಂದ್ಯಕ್ಕೆ ಒಂದೂವರೆ ಗಂಟೆ ಮುಂಚೆ. ಮಗಳು ಆಗ ಕಚೇರಿಯಿಂದ ಬರುವ ದಾರಿಯಲ್ಲಿದ್ದಳು. ಭಾನುವಾರದ ಪಂದ್ಯಗಳೆಲ್ಲ ಮುಗಿದಿದ್ದರಿಂದ ಬೆಂಚಿನವರು ಯಾರೂ ಬದಲಿಗೆ ಒದಗುವಂತಿರಲಿಲ್ಲ. ಅವನ ಬದಲು ಕಣಕ್ಕಿಳಿದ ಜೋರ್ಡನ್ ಮೇಸನ್ ನಮ್ಮ ಕೂಟದಲ್ಲಿ ಯಾರ ಪಟ್ಟಿಯಲ್ಲೂ ಇರಲಿಲ್ಲ. ಸುದ್ದಿ ತಿಳಿದ ಒಬ್ಬ ಸಹೋದ್ಯೋಗಿ ಕೂಡಲೆ ಅವನನ್ನು ತನ್ನ ಪಟ್ಟಿಗೆ ಸೇರಿಸಿಕೊಂಡ. ಮೇಸನ್ ಆ ರಾತ್ರಿ 147 ಗಜ ಓಡಿ ಒಂದು ಟಚ್‌ಡೌನ್ ಮಾಡಿದ. ಓಟವೊಂದರಿಂದಲೇ 20ಕ್ಕೂ ಮಿಕ್ಕಿ ಅಂಕ. ಮಗಳ ಆ ಸ್ಥಾನಕ್ಕೆ ಬಂದದ್ದು ಸೊನ್ನೆ. ಆ ವಾರ ಅವಳು ಸೋತದ್ದು 9 ಅಂಕದಿಂದ.

ಇದರಿಂದ ಎರಡು ಪಾಠ. ಒಂದು, ನೋವಿನ ಸುದ್ದಿಯಿರುವ ಆಟಗಾರ ಕೊನೆಯ ಪಂದ್ಯದಲ್ಲಿದ್ದರೆ, ಅದೇ ಪಂದ್ಯದಲ್ಲಿ ಆಡುವ ಒಬ್ಬ ಬದಲಿಯನ್ನು ಬೆಂಚಿನಲ್ಲಿ ಮೊದಲೇ ಇಟ್ಟುಕೊಂಡಿರಬೇಕು. ಎರಡು, ಮುಖ್ಯ ಓಟಗಾರನ ಹಿಂದೆ ಕಾಯುತ್ತಿರುವವನು ಯಾರೆಂದು ಡ್ರಾಫ್ಟಿನ ದಿನವೇ ತಿಳಿದಿರಬೇಕು. 2018ರಲ್ಲಿ ಪಿಟ್ಸ್‌ಬರ್ಗ್ ತಂಡದ ಲೆವಿಯಾನ್ ಬೆಲ್ ಕರಾರಿನ ತಕರಾರಿನಿಂದ ಇಡೀ ಋತು ಆಡಲೇ ಇಲ್ಲ. ಅವನ ಜಾಗಕ್ಕೆ ಬಂದ ಜೇಮ್ಸ್ ಕಾನರ್ 973 ಗಜ ಓಡಿ 12 ಟಚ್‌ಡೌನ್ ಮಾಡಿದ. ಬೆಲ್‌ನನ್ನು ಆರಿಸಿ ಕಾನರ್‌ನನ್ನೂ ಇಟ್ಟುಕೊಂಡವರು ಪಾರಾದರು.

4. ಹೊರಗಿನಿಂದ ತರುವುದು: ಅಂಕ ನೋಡಬೇಡಿ, ಕೆಲಸ ನೋಡಿ

ಯಾರ ಪಟ್ಟಿಯಲ್ಲೂ ಇಲ್ಲದ ಆಟಗಾರರನ್ನು ವಾರಕ್ಕೊಮ್ಮೆ ಕೇಳಿ ಪಡೆಯುವ ಏರ್ಪಾಡಿಗೆ ವೇವರ್ ಎನ್ನುವರು. ಅನೇಕ ಕೂಟಗಳಲ್ಲಿ ಪ್ರತಿಯೊಬ್ಬರಿಗೂ ಋತುವಿಗೆಲ್ಲ ಸೇರಿ 100 ಎಂಬ ಲೆಕ್ಕದ ಮೊತ್ತ ಕೊಡುತ್ತಾರೆ. ಅದರಲ್ಲಿ ಗುಟ್ಟಾಗಿ ಕೂಗು ಹಾಕಬೇಕು. ಹೆಚ್ಚು ಕೂಗಿದವನಿಗೆ ಆಟಗಾರ ಸಿಗುತ್ತಾನೆ. ಖರ್ಚಾದದ್ದು ಹಿಂದೆ ಬರುವುದಿಲ್ಲ.

ಇಲ್ಲಿ ಹೊಸಬರು ಮಾಡುವ ತಪ್ಪೆಂದರೆ ಕಳೆದ ವಾರ ಯಾರಿಗೆ ಹೆಚ್ಚು ಅಂಕ ಬಂತೋ ಅವನ ಹಿಂದೆ ಓಡುವುದು. ಒಂದು ಉದಾಹರಣೆ ತೆಗೆದುಕೊಳ್ಳಿ. ಮೊದಲನೆಯವನು ಮೂರೇ ಸಲ ಚೆಂಡು ಹಿಡಿದು ಓಡಿ 35 ಗಜ, ಒಂದು ಟಚ್‌ಡೌನ್: ಒಟ್ಟು 9.5 ಅಂಕ. ಎರಡನೆಯವನು 17 ಸಲ ಓಡಿ 55 ಗಜ, ಎಸೆದ ಚೆಂಡನ್ನು 2 ಸಲ ಹಿಡಿದು 15 ಗಜ: ಒಟ್ಟು 9 ಅಂಕ. ಅಂಕದಲ್ಲಿ ಮೊದಲನೆಯವನು ಮುಂದು. ಆದರೆ ತರಬೇಕಾದವನು ಎರಡನೆಯವನು. ಏಕೆಂದರೆ ತಂಡ ಅವನಿಗೆ 19 ಸಲ ಕೆಲಸ ಕೊಟ್ಟಿದೆ. ಟಚ್‌ಡೌನ್ ಒಂದು ವಾರ ಬರುತ್ತದೆ, ಒಂದು ವಾರ ಬರುವುದಿಲ್ಲ. ಕೆಲಸ ಕೊಡುವ ತರಬೇತುದಾರ ಮುಂದಿನ ವಾರವೂ ಅದೇ ಕೆಲಸ ಕೊಡುವ ಸಂಭವ ಹೆಚ್ಚು.

2023ರ ಮೊದಲ ವಾರ ಲಾಸ್ ಏಂಜಲಿಸ್ ರ‍್ಯಾಮ್ಸ್ ತಂಡದಲ್ಲಿ ಪ್ರಸಿದ್ಧ ಆಟಗಾರ ಕೂಪರ್ ಕಪ್ ಗಾಯಗೊಂಡಿದ್ದ. ಪೂಕಾ ನಾಕುವಾ ಎಂಬ ಹೊಸ ಹುಡುಗನತ್ತ ಆ ದಿನ 15 ಸಲ ಚೆಂಡು ಎಸೆದರು. ಅವನು 10 ಹಿಡಿದು 119 ಗಜ ಸಾಗಿಸಿದ. ಅವನು ಲೀಗಿನ ಆಯ್ಕೆಯಲ್ಲಿ 177ನೆಯವನಾಗಿ ಬಂದವನು. ಹೆಚ್ಚಿನ ಕೂಟಗಳಲ್ಲಿ ಯಾರೂ ಆರಿಸಿರಲಿಲ್ಲ. ಆ 15 ಎಂಬ ಸಂಖ್ಯೆಯನ್ನು ನೋಡಿ ದೊಡ್ಡ ಮೊತ್ತ ಕೂಗಿದವರು ಬುದ್ಧಿವಂತರು. ಋತುವಿನ ಕೊನೆಗೆ ಅವನು 105 ಚೆಂಡು ಹಿಡಿದು 1,486 ಗಜ ಗಳಿಸಿದ್ದ. ಹೊಸಬರ ಮಟ್ಟಿಗೆ ಆಗ ಎರಡೂ ದಾಖಲೆಗಳೇ.

ಮೊತ್ತವನ್ನು ಯಾವಾಗ ಖರ್ಚು ಮಾಡಬೇಕು? ಎರಡನೆಯ ವಾರಕ್ಕೆ ಮೊದಲು ಸಿಕ್ಕವನು ಅಂತಿಮ ವಾರವಾದ 17ರವರೆಗೆ ದುಡಿಯುತ್ತಾನೆ. ಹನ್ನೆರಡನೆಯ ವಾರ ಸಿಕ್ಕವನು ಆರೇ ವಾರ. ಆದ್ದರಿಂದ ಒಬ್ಬನಿಗೆ ನಿಜವಾಗಿ ಹೊಸ ಕೆಲಸ ಸಿಕ್ಕಿದೆಯೆಂದು ಕಂಡರೆ ಮೊದಲ ವಾರಗಳಲ್ಲಿ ಕೈಬಿಗಿ ಹಿಡಿಯಬಾರದು. ಆದರೆ ಹತ್ತೋ ಹದಿನೈದೋ ಕೊನೆಗೆ ಉಳಿದಿರಲಿ. ಡಿಸೆಂಬರಿನಲ್ಲಿ ಗಾಯಾಳುಗಳು ಹೆಚ್ಚು.

5. ಕೊಟ್ಟ ಬೆಲೆಯೂ ಇರುವ ಬೆಲೆಯೂ

ಈಗ ನಮ್ಮ ತಪ್ಪಿಗೆ ಬರೋಣ. ಮೆಕ್ಯಾಫ್ರಿ ಮೊದಲ ಎಂಟು ಪಂದ್ಯಗಳನ್ನೂ ಆಡಲಿಲ್ಲ. ಗಾಯಾಳುಗಳಿಗೆಂದೇ ಇರುವ ಪ್ರತ್ಯೇಕ ಸ್ಥಾನದಲ್ಲಿ ಮಗಳು ಅವನನ್ನು ಇಟ್ಟುಕೊಂಡಿದ್ದಳು, ಅದು ಸರಿಯೇ. ನವೆಂಬರ್ 10ಕ್ಕೆ ಅವನು ಮರಳುತ್ತಾನೆಂದು ಸುದ್ದಿ ಬಂದಾಗ ಒಬ್ಬ ಸಹೋದ್ಯೋಗಿ ವಿನಿಮಯಕ್ಕೆ ಕೇಳಿದ. ಅವನೊಬ್ಬನಿಗೆ ಬದಲಾಗಿ ಪ್ರತಿ ವಾರ ನಂಬಿಕೆಯಿಂದ ಆಡುವ ಒಬ್ಬ ಓಟಗಾರ ಮತ್ತು ಒಬ್ಬ ಹಿಡಿಯುವವ. ಮಗಳ ತಂಡದಲ್ಲಿ ಆ ಎರಡು ಸ್ಥಾನಗಳೇ ಸೊರಗಿದ್ದವು. ಅವಳು ಒಪ್ಪುವವಳಿದ್ದಳು.

ನಾವು ಬೇಡವೆಂದೆವು. "ಮೊದಲ ಸರದಿಯಲ್ಲಿ ಆರಿಸಿದವನನ್ನು ಹಾಗೆ ಬಿಟ್ಟುಕೊಡುತ್ತಾರೆಯೇ? ಎರಡು ತಿಂಗಳು ಕಾದದ್ದು ದಂಡವೇ?" ಎಂದೆವು. "ಅಪ್ಪಯ್ಯ, ನೀವು ಹೇಳುತ್ತಿರುವುದು ಕೊಟ್ಟ ಬೆಲೆಯ ಮಾತು. ನನಗೆ ಬೇಕಾದ್ದು ಬರುವ ವಾರದ ಮಾತು" ಎಂದಳು ಮಗಳು. ಆದರೂ ನಮ್ಮ ಮಾತಿಗೆ ಗೌರವ ಕೊಟ್ಟು ಸುಮ್ಮನಾದಳು. ಮೆಕ್ಯಾಫ್ರಿ ನಾಲ್ಕು ಪಂದ್ಯ ಆಡಿದ. ಒಂದೂ ಟಚ್‌ಡೌನ್ ಬರಲಿಲ್ಲ. ಡಿಸೆಂಬರ್ 1ರಂದು ಬಫಲೋದ ಹಿಮದಲ್ಲಿ ಮೊಣಕಾಲಿಗೆ ಪೆಟ್ಟಾಗಿ ಅವನ ಋತು ಮುಗಿಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅವನಿಗೆ ಗಾಯವಾಯಿತೆಂಬ ಕಾರಣಕ್ಕೆ ನಮ್ಮ ಸಲಹೆ ತಪ್ಪಾಗಲಿಲ್ಲ. ಅದು ಯಾರಿಗೂ ಮೊದಲೇ ತಿಳಿಯುವಂಥದ್ದಲ್ಲ. ಅವನು ಹಳೆಯ ಲಯಕ್ಕೆ ಬಂದು ವಾರಕ್ಕೆ 25 ಅಂಕ ತಂದಿದ್ದರೂ ನಮ್ಮ ಸಲಹೆಯ ದಾರಿ ತಪ್ಪೇ ಆಗಿರುತ್ತಿತ್ತು. ನಾವು ಉಳಿದ ವಾರಗಳಲ್ಲಿ ಅವನೇನು ಕೊಟ್ಟಾನು, ಆ ಇಬ್ಬರು ಏನು ಕೊಟ್ಟಾರು ಎಂದು ತೂಗಲಿಲ್ಲ. ಆಗಸ್ಟಿನಲ್ಲಿ ಏನು ಕೊಟ್ಟೆವೆಂದು ತೂಗಿದೆವು. ಕೊಟ್ಟದ್ದು ಇಟ್ಟುಕೊಂಡರೂ ಬಾರದು, ಬಿಟ್ಟರೂ ಬಾರದು.

ಇದು ನಮ್ಮಂಥವರಿಗೆ ಹೊಸ ಪಾಠವಾಗಬೇಕಾಗಿರಲಿಲ್ಲ. ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡವನ್ನು ಕಿತ್ತು ಸುಡಬೇಕೆಂದು ಎಲ್ಲರಿಗೂ ಗೊತ್ತು. ಆದರೂ ತಂದೆಯ ಕಾಲದಲ್ಲಿ ನೆಟ್ಟದ್ದು, ಮೂವತ್ತು ವರ್ಷ ಸಾಕಿದ್ದು ಎಂದು ಒಂದು ಸಾಲನ್ನು ನಾವೇ ಎರಡು ವರ್ಷ ಉಳಿಸಿಕೊಂಡು, ಪಕ್ಕದ ಸಾಲನ್ನೂ ಕಳೆದುಕೊಂಡಿದ್ದೇವೆ. ತೋಟದಲ್ಲಿ ಕಲಿತದ್ದನ್ನು ಬೇರೆ ಕಡೆ ಮರೆಯುವುದು ಸುಲಭ.

ಪ್ರತಿ ಮಂಗಳವಾರ ಪಟ್ಟಿಯ ಒಬ್ಬೊಬ್ಬನನ್ನೂ ನೋಡಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇವನು ಇಂದು ಹೊರಗಿದ್ದರೆ ನಾವು ಹೊಸದಾಗಿ ತರುತ್ತಿದ್ದೆವೇ? ಇಲ್ಲವೆಂದಾದರೆ ಆ ಸ್ಥಾನ ವ್ಯರ್ಥವಾಗುತ್ತಿದೆ ಎಂದರ್ಥ. ಇದಕ್ಕೆ ಎದುರಾದ ತಪ್ಪೂ ಇದೆ. ಒಂದು ಕೆಟ್ಟ ವಾರ ಬಂತೆಂದು ಒಳ್ಳೆಯವನನ್ನು ಕೈಬಿಡುವುದು. ಅವನಿಗೆ ಸಿಗುವ ಕೆಲಸ ಕಡಿಮೆಯಾಗಿಲ್ಲವಾದರೆ ತಾಳ್ಮೆ ಬೇಕು. ಅಂಕ ಇಳಿದರೆ ಕಾಯಿರಿ. ಕೆಲಸವೇ ಇಳಿದರೆ ಬಿಡಿ.

ವಿನಿಮಯದ ಬಗ್ಗೆ ಇನ್ನೊಂದು ಮಾತು. ಎದುರಿನವನನ್ನು ಮೋಸಗೊಳಿಸಲು ಹೊರಡುವವನೊಂದಿಗೆ ಮುಂದಿನ ವರ್ಷ ಯಾರೂ ವ್ಯವಹರಿಸುವುದಿಲ್ಲ. ಅವನ ಪಟ್ಟಿಯಲ್ಲಿ ಯಾವ ಸ್ಥಾನ ಖಾಲಿಯಿದೆ, ನಮ್ಮಲ್ಲಿ ಯಾವುದು ಹೆಚ್ಚಿದೆ ಎಂದು ನೋಡಿ ಕೇಳಿದರೆ ಇಬ್ಬರಿಗೂ ಲಾಭ.

6. ಸೋತವರ ಕರ್ತವ್ಯ

ಹದಿನಾಲ್ಕು ವಾರಗಳ ನಂತರ ಮಗಳ ಲೆಕ್ಕ ಏಳು ಗೆಲುವು, ಏಳು ಸೋಲು. ಮುಂದಿನ ಸುತ್ತಿಗೆ ಆರು ಮಂದಿ. ಅವಳದು ಏಳನೆಯ ಸ್ಥಾನ. ಮೊದಲ ವಾರದ ಆ ಸೊನ್ನೆ ಇಲ್ಲದಿದ್ದರೆ ಎಂದು ಯೋಚಿಸಿ ನಮಗೇ ಮನಸ್ಸು ಕೆಟ್ಟಿತು.

ಅವಳಿಗೆ ಮುಂದೆ ಹೋಗುವ ದಾರಿಯಿಲ್ಲವೆಂದು ಹದಿಮೂರನೆಯ ವಾರಕ್ಕೇ ತಿಳಿದಿತ್ತು. ಇಂಥ ಹೊತ್ತಿನಲ್ಲಿ ಅನೇಕರು ಪಟ್ಟಿಯನ್ನು ಹಾಗೇ ಬಿಟ್ಟುಬಿಡುತ್ತಾರೆ. ಗಾಯಾಳುಗಳೂ ಬಿಡುವಿನವರೂ ಕಣದಲ್ಲೇ ಉಳಿಯುತ್ತಾರೆ. ಆ ವಾರ ಅವರೆದುರು ಬಂದವನು ಸುಮ್ಮನೆ ಗೆಲ್ಲುತ್ತಾನೆ. ಆ ಗೆಲುವಿನಿಂದ, ವಾರವಾರವೂ ದುಡಿದ ಮೂರನೆಯವನೊಬ್ಬ ಹೊರಬೀಳುತ್ತಾನೆ. ಮಗಳು ಹಾಗೆ ಮಾಡಲಿಲ್ಲ. ಕೊನೆಯ ವಾರವೂ ಶುಕ್ರವಾರದ ಗಾಯಾಳುಗಳ ಪಟ್ಟಿ ನೋಡಿ, ಒಬ್ಬ ಬದಲಿಯನ್ನು ತಂದು, ಪೂರ್ಣ ತಂಡ ಇಳಿಸಿ ಗೆದ್ದಳು. ನಮಗೆ ಅವಳ ಉಳಿದ ಆರು ಗೆಲುವುಗಳಿಗಿಂತ ಇದು ಹೆಚ್ಚಾಗಿ ಕಂಡಿತು. ಕೂಟ ಎಂದ ಮೇಲೆ ನಮ್ಮ ಪಾಲಿನ ಕೆಲಸ ನಮ್ಮ ಲಾಭ ಮುಗಿದ ದಿನವೇ ಮುಗಿಯುವುದಿಲ್ಲ.

7. ಹೆಸರಿನ ಹಿಂದಿನ ಮನುಷ್ಯ

ಇಷ್ಟು ಹೊತ್ತು ಇಡುವುದು, ಬಿಡುವುದು, ಕೊಡುವುದು ಎಂದೆಲ್ಲ ಹೇಳಿದೆವು. ಹೇಳುತ್ತಾ ಹೇಳುತ್ತಾ ಇವರು ಮನುಷ್ಯರೆಂಬುದು ಮರೆಯುವ ಅಪಾಯವಿದೆ.

2023ರ ಜನವರಿ 2ರ ಸೋಮವಾರ ರಾತ್ರಿ ಸಿನ್ಸಿನಾಟಿಯಲ್ಲಿ ಪಂದ್ಯ ನಡೆಯುತ್ತಿತ್ತು. ಬಹಳಷ್ಟು ಕಲ್ಪನೆಯ ಕೂಟಗಳಿಗೆ ಅದು ಅಂತಿಮ ವಾರದ ಕೊನೆಯ ಪಂದ್ಯ. ಜೋಶ್ ಆ್ಯಲನ್, ಜೋ ಬರೋ ಮೊದಲಾದ ದೊಡ್ಡ ಹೆಸರುಗಳೆಲ್ಲ ಅದರಲ್ಲೇ ಇದ್ದವು. ಎಷ್ಟೋ ಮನೆಗಳಲ್ಲಿ ಜನ ಅಂಕ ಎಣಿಸುತ್ತಾ ಕೂತಿದ್ದರು. ಮೊದಲ ಭಾಗದಲ್ಲೇ ಬಫಲೋ ತಂಡದ ಡಮಾರ್ ಹ್ಯಾಮ್ಲಿನ್ ಎಂಬ 24 ವರ್ಷದ ಆಟಗಾರ ಎದುರಾಳಿಯನ್ನು ತಡೆದು ಎದ್ದು ನಿಂತು, ಮರುಕ್ಷಣ ಹಿಂದಕ್ಕೆ ಕುಸಿದ. ಹೃದಯ ನಿಂತಿತ್ತು. ಮೈದಾನದಲ್ಲೇ ಎದೆ ಒತ್ತಿ, ವಿದ್ಯುತ್ ಆಘಾತ ಕೊಟ್ಟು ಹೃದಯವನ್ನು ಮತ್ತೆ ನಡೆಸಿದರು. ಎರಡೂ ತಂಡದವರು ಅಳುತ್ತಾ ಸುತ್ತ ನಿಂತರು. ಪಂದ್ಯ ನಿಂತಿತು; ಮತ್ತೆ ನಡೆಯಲೇ ಇಲ್ಲ.

ಆ ರಾತ್ರಿ ಅಂಕದ ಲೆಕ್ಕ ಕೇಳಿದವರೂ ಇದ್ದರು. ಆದರೆ ಅನೇಕ ಕೂಟಗಳು ಇಬ್ಬರನ್ನೂ ಗೆದ್ದವರೆಂದು ಸಾರಿ ಬಹುಮಾನ ಹಂಚಿಕೊಂಡವು. ಮಕ್ಕಳಿಗೆ ಆಟಿಕೆ ಕೊಡಿಸಲು ಹ್ಯಾಮ್ಲಿನ್ ಹಿಂದೆ ಆರಂಭಿಸಿದ್ದ, 2,500 ಡಾಲರ್ ಗುರಿಯ ಒಂದು ಸಣ್ಣ ನಿಧಿಗೆ ಜನ 80 ಲಕ್ಷ ಡಾಲರಿಗೂ ಮಿಕ್ಕಿ ಕೊಟ್ಟರು. ಹ್ಯಾಮ್ಲಿನ್ ಬದುಕಿ, 2023ರ ಋತುವಿನಲ್ಲಿ ಮತ್ತೆ ಮೈದಾನಕ್ಕಿಳಿದ.

ಮೆಕ್ಯಾಫ್ರಿ ಬಫಲೋದಲ್ಲಿ ಬಿದ್ದ ದಿನ ನಮ್ಮ ಬಾಯಿಂದ ಮೊದಲು ಬಂದ ಮಾತು "ಅಯ್ಯೋ, ನಮ್ಮ ಅಂಕ ಹೋಯಿತು" ಎಂದು. ಮಗಳು ನಮ್ಮ ಮುಖ ನೋಡಿದಳು; ಏನೂ ಹೇಳಲಿಲ್ಲ. ಆಟಗಾರನನ್ನು ಪಟ್ಟಿಯಿಂದ ಬಿಡುವಾಗ ಮನಸ್ಸು ಗಟ್ಟಿಯಿರಬೇಕು. ಮನುಷ್ಯ ಬಿದ್ದಾಗ ಅದೇ ಗಟ್ಟಿತನ ಸಲ್ಲದು.

8. ಹಣದ ಎಚ್ಚರಿಕೆ

ಈ ಬಗೆಯ ಆಟವನ್ನು ಹಣ ಕಟ್ಟಿ ಆಡಿ ಕೈಸುಟ್ಟುಕೊಂಡವರು ನಮ್ಮ ಊರುಗಳಲ್ಲೂ ಇದ್ದಾರೆ. ಅದು ಹೆಚ್ಚಾಗಿ ಕ್ರಿಕೆಟ್ಟಿನ ಆಟ, ದಿನಕ್ಕೊಂದು ಪಂದ್ಯದ್ದು. 2025ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಕಾಯ್ದೆ ಆನ್‌ಲೈನ್‌ನಲ್ಲಿ ಹಣ ಕಟ್ಟಿ ಆಡುವ ಇಂಥ ಆಟಗಳನ್ನು ನಿಷೇಧಿಸಿತು. ನಾವಿಲ್ಲಿ ವಿವರಿಸಿದ್ದು ಗುರುತಿನವರು ಹಣವಿಲ್ಲದೆ ಒಂದು ಋತುವಿಡೀ ಆಡುವುದನ್ನು. ಹಣ ಕಟ್ಟಿದವನಿಗೆ ಕೊಟ್ಟ ಬೆಲೆಯನ್ನು ಮರೆಯುವುದು ಇನ್ನೂ ಕಷ್ಟ. ಹೋದದ್ದನ್ನು ಹಿಂದೆ ತರಲು ಮತ್ತೆ ಕಟ್ಟುತ್ತಾನೆ. ಐದನೆಯ ಪಾಠದಲ್ಲಿ ಹೇಳಿದ ತಪ್ಪೇ ಅಲ್ಲಿ ಮನೆ ಮುಳುಗಿಸುತ್ತದೆ.

ಅಭ್ಯಾಸಕ್ಕೆ ಪ್ರಶ್ನೆಗಳು

1. ಸೋಮವಾರ ರಾತ್ರಿ ಆಡಬೇಕಾದ ಆಟಗಾರನಿಗೆ ನೋವಿದೆಯೆಂದು ಶನಿವಾರವೇ ಗೊತ್ತಾದರೆ ಏನು ಏರ್ಪಾಡು ಮಾಡುವಿರಿ?

2. ಒಬ್ಬನ ಅಂಕ ಎರಡು ವಾರದಿಂದ ಇಳಿದಿದೆ, ಆದರೆ ಓಟದ ಸಂಖ್ಯೆ ಮೊದಲಿನಷ್ಟೇ ಇದೆ. ಬಿಡುವಿರೋ, ಇಡುವಿರೋ? ಕಾರಣ ಕೊಡಿ.

3. ಮಗಳಿಗೆ ನಾವು ಕೊಟ್ಟ ಸಲಹೆಯಲ್ಲಿ ತಪ್ಪಿದ್ದದ್ದು ಎಲ್ಲಿ? ಮೆಕ್ಯಾಫ್ರಿಗೆ ಗಾಯವಾಗದೆ ಇದ್ದಿದ್ದರೆ ನಿಮ್ಮ ಉತ್ತರ ಬದಲಾಗುತ್ತಿತ್ತೇ?

4. ಕೊಟ್ಟ ಬೆಲೆಯನ್ನು ನೆನೆದು ನೀವು ಇನ್ನೂ ಬಿಡದೆ ಉಳಿಸಿಕೊಂಡಿರುವುದು ಏನಾದರೂ ಇದೆಯೇ?

ಕೊನೆಯ ಪ್ರಶ್ನೆಗೆ ಉತ್ತರವನ್ನು ಯಾರಿಗೂ ತೋರಿಸಬೇಕಾಗಿಲ್ಲ. ಹೊರದೇಶದಲ್ಲಿರುವ ಮಕ್ಕಳು ಮುಂದಿನ ಸೆಪ್ಟೆಂಬರಿನಲ್ಲಿ ಫೋನು ಮಾಡಿ "ಈ ವಾರ ಸೋತೆ" ಎಂದರೆ, ಯಾರನ್ನು ಬೆಂಚಿನಲ್ಲಿ ಕೂರಿಸಿದ್ದೆ ಎಂದು ಕೇಳಿ ನೋಡಿ. ಮಾತು ಬೆಳೆಯುತ್ತದೆ.